ಕೂಡಿ ಬದು ಮುಟ್ಟುವವರು

ರಾಯಚೂರಿನಿಂದ ಹೊರಟ ಬಸ್ಸು ಕಲ್ಮಲ ಕ್ರಾಸಿಗೆ ಬಂದರೆ ಅಲ್ಲಿಂದ ದಾರಿ ಒಡೆಯುತ್ತದೆ. ಒಂದು ಮಾನ್ವಿ ಕಡೆ, ಒಂದು ದೇವದುರ್ಗದ ಕಡೆ. ಬೆಳಗಿನ ಹೊತ್ತು ಆ ಕ್ರಾಸಿನಲ್ಲಿ ನಿಂತು ನೋಡಬೇಕು ನೀವು. ಮೂರೂ ಕಡೆಯ ಬಸ್ಸು ಬರುತ್ತವೆ, ಮೂರೂ ಬಸ್ಸಿನಿಂದ ಹೆಣ್ಣುಮಕ್ಕಳು ಇಳಿಯುತ್ತಾರೆ. ಎಲ್ಲರ ಹೆಗಲಿಗೂ ಪುಸ್ತಕದ ಚೀಲ. ಒಬ್ಬಳ ಕಾಲಲ್ಲಿ ಕಾಲುಂಗುರ, ಇನ್ನೊಬ್ಬಳ ಎರಡು ಜಡೆಗೆ ಕೆಂಪು ರಿಬ್ಬನ್ನು, ಮತ್ತೊಬ್ಬಳ ತಲೆ ಮೇಲೆ ದುಪಟ್ಟಾ, ಮಗದೊಬ್ಬಳ ಬಗಲಲ್ಲಿ ಕೂಸು. ಹೊಸಬರು ನೋಡಿದರೆ ಯಾವುದೋ ಮದುವೆಗೆ ಹೊರಟವರು ಅಂದುಕೊಳ್ಳಬೇಕು. ಚಹಾದಂಗಡಿಯ ದುರುಗಪ್ಪ ಮಾತ್ರ ಗ್ಲಾಸು ತೊಳೆಯುತ್ತಲೇ ಹೇಳುತ್ತಾನೆ: “ಮದುವಿ ಅಲ್ರೀ ಯಪ್ಪಾ, ಹತ್ತನೇ ಇಯತ್ತಾ! ನಮ್ಮ ದಾನೇಶ್ವರಿ ಟೀಚರ್ ಸಾಲಿ.”

ಸಾಲಿ ಸರ್ಕಾರದ್ದೇ. ಆದರೆ ಬೇರೆ ಸರ್ಕಾರಿ ಶಾಲೆಗಳ ಹಾಗೆ ಒಂದರಿಂದ ಶುರುವಾಗಿ ಮೇಲಕ್ಕೆ ಹೋಗುವುದಲ್ಲ. ನಡುವೆ ಎಲ್ಲೋ ಓದು ಬಿಟ್ಟ ಹೆಣ್ಣುಮಕ್ಕಳನ್ನು ಕರೆತಂದು, ಒಂದು ವರ್ಷ ಕೂರಿಸಿ ಹತ್ತನೇ ತರಗತಿ ದಾಟಿಸುವ ಸಣ್ಣ ಶಾಲೆ. ಹಳೆಯ ಗೋದಾಮೊಂದಕ್ಕೆ ಸುಣ್ಣ ಹೊಡೆದು ಒಂದು ಹಾಲು, ಎರಡು ಕೋಣೆ ಮಾಡಿದ್ದಾರೆ. ಮುಂದೆ ಬೇವಿನ ಮರ, ಅದಕ್ಕೊಂದು ಕಟ್ಟೆ. ಈ ಶಾಲೆಗೆ ಕಾಯಂ ಅನ್ನುವುದಿಲ್ಲ. ಪ್ರತಿ ವರ್ಷ ರಾಯಚೂರಿನ ಕಚೇರಿಯಿಂದ ಸಾಹೇಬರೊಬ್ಬರು ಬಂದು ನೋಡಿ, ‘ಮುಂದುವರಿಸಬಹುದು’ ಅಂತ ಬರೆದರೆ ಉಂಟು, ಇಲ್ಲದಿದ್ದರೆ ಬಾಗಿಲು ಮುಚ್ಚಿದ ಹಾಗೆ.

ಬರುವವರು ಯಾರು ಅಂತೀರಾ? ಒಟ್ಟು ನಲವತ್ತಕ್ಕಿಂತ ಕಡಿಮೆ ಮಂದಿ. ಅರ್ಧಕ್ಕರ್ಧ ದೇವದುರ್ಗದ ಕಡೆಯವರು. ಅಪ್ಪ ಅವ್ವ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬೆಂಗಳೂರು, ಪುಣೆ ಅಂತ ಹೋದಾಗ ಜೊತೆಗೆ ಹೋಗಿ, ತಮ್ಮ ತಂಗಿಯರನ್ನು ಆಡಿಸುತ್ತಾ ಐದನೆಯದನ್ನೋ ಏಳನೆಯದನ್ನೋ ಅಲ್ಲೇ ಕಳೆದುಕೊಂಡವರು. ಮಾನ್ವಿ ಕಡೆಯವರು ಕಾಲುವೆ ನೀರಿನ ಊರಿನವರು. ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವುದು ಗೊತ್ತು. ಕೆಲವರ ಮನೆಮಾತು ತೆಲುಗು, ಕೆಲವರದು ದಖ್ಖನಿ. ರಾಯಚೂರಿನಿಂದ ಬರುವವರು ಅಕ್ಕಿ ಮಿಲ್ಲಿನ ಹಮಾಲರ ಮಕ್ಕಳು. ಒಕ್ಕಲುತನದ ಮನೆಯಿಂದ, ಬೇಗ ಮದುವೆಯಾಗಿ ಓದು ನಿಂತ ಇಬ್ಬರು ಮೂವರು. ಹದಿನಾರರ ಹುಡುಗಿಯ ಪಕ್ಕ ಇಪ್ಪತ್ತಾರರ ತಾಯಿ ಕೂರುತ್ತಾಳೆ. ಒಂದೇ ಬೆಂಚಿನ ಮೇಲೆ ಒಬ್ಬಳು ತೆಲುಗಿನಲ್ಲಿ ಎಣಿಸುತ್ತಾಳೆ, ಒಬ್ಬಳು ದಖ್ಖನಿಯಲ್ಲಿ. ಉತ್ತರ ಮಾತ್ರ ಇಬ್ಬರೂ ಕನ್ನಡದಲ್ಲಿ ಬರೆಯುತ್ತಾರೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಇಷ್ಟು ದೂರದವರೆಲ್ಲ ಒಂದು ಸೂರಿನ ಕೆಳಗೆ ಸೇರಿದ್ದು. ಮೊದಲಾಗಿದ್ದರೆ ಯಾರು ಕಳಿಸುತ್ತಿದ್ದರು?

ಇವರನ್ನೆಲ್ಲ ಸೇರಿಸಿದವಳು ದಾನೇಶ್ವರಿ. ಜಾಲಹಳ್ಳಿಯ ತಾಯಣ್ಣ, ಪಾರ್ವತೆಮ್ಮನ ಮಗಳು. ಎತ್ತರದ ಆಳು, ದೊಡ್ಡ ದನಿ. ಗೋದಾಮಿನ ಈ ತುದಿಯಲ್ಲಿ ನಿಂತು ಪಾಠ ಹೇಳಿದರೆ ದುರುಗಪ್ಪನಿಗೆ ಅಂಗಡಿಯಲ್ಲೇ ಕೇಳಿಸುತ್ತದೆ. “ನಂಗೂ ಅರ್ಧ ವಿಜ್ಞಾನ ಬಂದದರೀ,” ಅನ್ನುತ್ತಾನೆ ಅವನು.

ಜಾಲಹಳ್ಳಿಯ ಅವರ ಮನೆಯಲ್ಲಿ ಹೊಲ ಇರಲಿಲ್ಲ. ಗೋಡೆಗೊಂದು ಬುದ್ಧನ ಪಟ ಇತ್ತು, ದುಡಿಯುವ ಎರಡು ಜೊತೆ ಕೈ ಇದ್ದವು. ಪಾರ್ವತೆಮ್ಮ ಕಳೆ ತೆಗೆಯುವ ಹೆಣ್ಣಾಳುಗಳ ಗುಂಪಿಗೆ ಮುಂದಾಳು. ಆ ಗುಂಪಿನ ಕೆಲಸ ನೋಡಿದವರಿಗೆ ಗೊತ್ತು, ಒಬ್ಬೊಬ್ಬಳು ಒಂದೊಂದು ಸಾಲು ಹಿಡಿಯುತ್ತಾಳೆ, ಕುರ್ಪಿ ಆಡಿಸುತ್ತಾ ಕುಕ್ಕರುಗಾಲಲ್ಲಿ ಮುಂದೆ ಸರಿಯುತ್ತಾಳೆ. ಚುರುಕಿದ್ದವಳು ಮೊದಲು ಆ ಕಡೆಯ ಬದು ಮುಟ್ಟುತ್ತಾಳೆ. ಮುಟ್ಟಿದವಳು ಬದುವಿನ ಮೇಲೆ ಕೂರುವ ಹಾಗಿಲ್ಲ. ಹೊರಳಿ, ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ತೆಗೆಯುತ್ತಾ ಬರಬೇಕು. ಸಾಲಿನ ನಡುವೆ ಇಬ್ಬರೂ ಎದುರುಬದುರಾದಾಗ ನಗು, ಒಂದು ಬೈಗುಳ, ಆಮೇಲೆ ಎಲ್ಲರೂ ಕೂಡಿ ನೀರು ಕುಡಿಯುವುದು. ಯಾರೂ ಹೇಳಿಕೊಟ್ಟ ಕಾನೂನಲ್ಲ. ಹಾಗೆ ಮಾಡದವಳನ್ನು ಮರುದಿನ ಯಾರೂ ಕೂಗಿ ಕರೆಯುವುದಿಲ್ಲ, ಅಷ್ಟೇ.

ಸೂಟಿಯಲ್ಲಿ ದಾನೇಶ್ವರಿಯೂ ಕುರ್ಪಿ ಹಿಡಿದು ಹೋಗುತ್ತಿದ್ದಳು. ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದಳು. ತಲೆ ಎತ್ತಿದರೆ ಎದುರಿನಿಂದ ಅವ್ವ ಬರುತ್ತಿರುವುದು ಕಾಣುತ್ತಿತ್ತು. ಪಾರ್ವತೆಮ್ಮ ಬೈದುಕೊಂಡೇ ಬರುತ್ತಿದ್ದಳು: “ಎಷ್ಟೊತ್ತಬೇ? ಕಳಿ ಕೀಳಾಕತ್ತೀಯೋ, ಅದಕ್ಕ ಹೇನು ನೋಡಾಕತ್ತೀಯೋ?”

ಹಾಸ್ಟೆಲಿನಲ್ಲಿದ್ದು ದೇವದುರ್ಗದಲ್ಲಿ ಓದಿದಳು, ರಾಯಚೂರಿನಲ್ಲಿ ಬಿ.ಎಡ್. ಮಾಡಿದಳು. ಸಾರಿಗೆ ಬಸ್ಸಿನ ಕಂಡಕ್ಟರ್ ಅಂಬರೇಶನನ್ನು ಮದುವೆಯಾದಳು. ಕೆಲವು ವರ್ಷ ಊರಿನ ಶಾಲೆಗಳಲ್ಲಿ ಕಲಿಸಿ, ಕಲ್ಮಲದ ಗೋದಾಮು ಶಾಲೆಗೆ ಯಾರೂ ಹೋಗಲು ಒಪ್ಪದಿದ್ದಾಗ ತಾನೇ ಕೇಳಿ ಹಾಕಿಸಿಕೊಂಡಳು. ಅಂಬರೇಶ ನಕ್ಕಿದ್ದ: “ಎಲ್ಲಾರೂ ಚಲೋ ಸಾಲಿ ಬೇಡಿ ಹೋಗ್ತಾರ, ನೀ ಗೋದಾಮು ಬೇಡಿದಿ.”

“ಗೋದಾಮಿನ್ಯಾಗ ಕಾಳು ಇರ್ತಾವಲ್ಲ,” ಅಂದಳು ದಾನೇಶ್ವರಿ.

ಮೊದಲ ವರ್ಷ ಶಾಲೆಯ ಫಲಿತಾಂಶ ಹೇಳಿಕೊಳ್ಳುವ ಹಾಗಿರಲಿಲ್ಲ. ಪಾಸಾದವರನ್ನು ಒಂದೇ ಬೆಂಚಿನಲ್ಲಿ ಕೂರಿಸಬಹುದಿತ್ತು. ಹಿಂದೆ ಬಿದ್ದ ಹುಡುಗಿಯರು ಹಿಂದೆಯೇ ಉಳಿದು, ನಾಚಿಕೊಂಡು, ಹತ್ತಿಯ ಕಾಲ ಬಂದೊಡನೆ ಮಾಯವಾಗುತ್ತಿದ್ದರು. ಎರಡನೆಯ ವರ್ಷ ದಾನೇಶ್ವರಿ ತರಗತಿಯನ್ನೇ ಹೊಲ ಮಾಡಿದಳು. ಲೆಕ್ಕ ಮೊದಲು ಮುಗಿಸಿದವಳು ಕೂರುವ ಹಾಗಿಲ್ಲ, ಎದ್ದು ಹಿಂದೆ ಬಿದ್ದವಳ ಬಳಿ ಹೋಗಬೇಕು, ಕೊನೆಯ ಲೆಕ್ಕದಿಂದ ಹಿಡಿದು ಅವಳ ಜೊತೆ ಮಾಡುತ್ತಾ ಬರಬೇಕು. ಒಮ್ಮೆ ಹೇಳಿದ್ದು, ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವರ ಕೈಗೆ ಅದು ಮೊದಲೇ ಗೊತ್ತಿತ್ತು. ಹತ್ತಿಯ ಕಾಲಕ್ಕೂ ಹುಡುಗಿಯರು ಬಂದರು. ನಸುಕಿನಲ್ಲಿ ಹತ್ತಿ ಬಿಡಿಸಿ, ಗೀರಿದ ಬೆರಳಲ್ಲೇ ಪೆನ್ನು ಹಿಡಿದರು. ಆ ವರ್ಷ ಅರ್ಧಕ್ಕಿಂತ ಹೆಚ್ಚು ಮಂದಿ ದಾಟಿದರು.

ಈಗ ಹೇಳುತ್ತಿರುವುದು ಮೂರನೆಯ ವರ್ಷದ ಮಾತು. ತರಗತಿಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಮಾನ್ವಿಯ ಆತಿಯಾ. ಅವಳ ತಾಯಿ ಗುಲ್ಶನ್ ಬೇಗಂ ನಾಟಿಗೂ ಹೋಗುತ್ತಾಳೆ, ಕಳೆಗೂ ಹೋಗುತ್ತಾಳೆ. ಮಗಳೂ ಎಂಟನೆಯದನ್ನು ಬಿಟ್ಟು ಎರಡು ವರ್ಷ ಜೊತೆಗೆ ಹೋದವಳು. ಎಲ್ಲರಿಗಿಂತ ಹಿಂದೆ ಇದ್ದವಳು ಮಂಜುಳಾ. ದೇವದುರ್ಗದ ಹತ್ತಿರದ ಹಳ್ಳಿಯವಳು, ಇಪ್ಪತ್ತಾರು ವರ್ಷ, ಮಗಳನ್ನು ಅಂಗನವಾಡಿಗೆ ಬಿಟ್ಟು ಬರುತ್ತಾಳೆ. ಹತ್ತನೆಯದು ಪಾಸಾದರೆ ಅದೇ ಅಂಗನವಾಡಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕು ಅನ್ನುವುದು ಅವಳ ಆಸೆ. ಇವರಿಬ್ಬರದು ಒಂದು ಜೋಡಿ. ದಿನಾ ಆತಿಯಾ ಮುಗಿಸಿ ಏಳುವುದು, ಮಂಜುಳಾ ಸರಿದು ಜಾಗ ಕೊಡುವುದು.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನವೇ ಕಚೇರಿಯ ಸಾಹೇಬರು ಬಂದರು. ಹೆಸರು ಉದಯಕುಮಾರ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರು, ಮಾತು ಕಡಿಮೆ, ಎಲ್ಲವನ್ನೂ ಎರಡು ಸಲ ನೋಡುವ ಅಭ್ಯಾಸ. ಬಂದವರೇ ಹಾಲಿನ ಹಿಂದಿನ ಕುರ್ಚಿಯಲ್ಲಿ ಕೂತರು. ಹುಡುಗಿಯರು ಗಣಿತ ಬರೆಯುತ್ತಿದ್ದರು. ಗಂಟೆ ಆಗಲು ಇನ್ನೂ ಹೊತ್ತಿತ್ತು. ಆತಿಯಾ ಪೆನ್ನಿಗೆ ಮುಚ್ಚಳ ಹಾಕಿದಳು. ಎದ್ದಳು. ನೆಟ್ಟಗೆ ನಡೆದು ಮಂಜುಳಾಳ ಬೆಂಚಿಗೆ ಹೋದಳು. ಮಂಜುಳಾ ತಲೆ ಎತ್ತದೇ ಸರಿದು ಜಾಗ ಕೊಟ್ಟಳು. ಆತಿಯಾ ಅವಳ ಉತ್ತರಪತ್ರಿಕೆ ಎಳೆದುಕೊಂಡು ಕೊನೆಯ ಲೆಕ್ಕಕ್ಕೆ ಕೈ ಹಾಕಿದಳು.

ಕದ್ದು ಮುಚ್ಚಿ ಅಲ್ಲ. ಹಾಡುಹಗಲಲ್ಲಿ, ಸಾಹೇಬರ ಕಣ್ಣೆದುರಿಗೆ. ಅವಳನ್ನು ನೋಡಿ ಇನ್ನೂ ಇಬ್ಬರು ಎದ್ದರು.

ಉದಯಕುಮಾರರು ಕುರ್ಚಿಯಿಂದ ಏಳಲಿಲ್ಲ. ದಾನೇಶ್ವರಿಯ ಕಡೆ ತಿರುಗಿ ಕೇಳಿದರು, “ಮೇಡಂ, ಇದು ಏನು ನಡದದ?”

ದಾನೇಶ್ವರಿಗೆ ಆ ಗಳಿಗೆಯವರೆಗೆ ಅದು ತಪ್ಪು ಅಂತ ಕಂಡಿರಲೇ ಇಲ್ಲ. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ದೃಶ್ಯ. ಕಳೆದ ವರ್ಷದವರು ಬೋರ್ಡ್ ಪರೀಕ್ಷೆ ಬರೆದದ್ದು ಬೇರೆ ಬೇರೆ ಕೇಂದ್ರಗಳಲ್ಲಿ, ಗುರುತಿಲ್ಲದ ಮಂದಿಯ ನಡುವೆ. ಅಲ್ಲಿ ಎದ್ದು ಹೋಗಲು ಯಾರೂ ಇರಲಿಲ್ಲ. ಈ ವರ್ಷ ಎಲ್ಲರಿಗೂ ಒಂದೇ ಕೇಂದ್ರ ಬಂದಿತ್ತು. ಅಲ್ಲಿ ಹೀಗೆ ಎದ್ದರೆ? ಎದ್ದವಳೂ ಡಿಬಾರ್, ಜಾಗ ಕೊಟ್ಟವಳೂ ಡಿಬಾರ್. ಆದರೂ ದನಿ ತಗ್ಗಲಿಲ್ಲ.

“ನಾನಾ ಕಲಿಸೀನ್ರಿ ಸರ,” ಅಂದಳು. ಹೊಲದ ಪದ್ಧತಿ, ಅವ್ವನ ಗುಂಪು, ಬದು ಮುಟ್ಟಿ ಹೊರಳುವುದು, ಎಲ್ಲ ಹೇಳಿದಳು. “ಎಲ್ಲಿ ಮಾಡಬೇಕಂತ ಕಲಿಸೀನಿ. ಎಲ್ಲಿ ಮಾಡಬಾರದಂತ ಕಲಿಸಿಲ್ಲ. ಅದು ನನ್ನ ತಪ್ಪು.”

ಉದಯಕುಮಾರರು ಪೂರ್ತಿ ಕೇಳಿದರು. ಹಿಂದಿನ ಪರೀಕ್ಷೆಗಳ ಅಂಕಪಟ್ಟಿ ತರಿಸಿ ನೋಡಿದರು. ಎಂಬತ್ತಕ್ಕೆ ಮೊದಲಿನವಳಿಗೆ ನಲವತ್ತಾರು, ಕೊನೆಯವಳಿಗೆ ನಲವತ್ತು. ಎಲ್ಲರ ಅಂಕಗಳೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು.

“ಕತಿ ಚಲೋ ಅದರೀ ಮೇಡಂ. ಆದ್ರ ಬೋರ್ಡಿನವ್ರು ಕತಿಗೆ ಮಾರ್ಕ್ಸ್ ಕೊಡಂಗಿಲ್ಲ. ಇವ್ರಾಗ ಯಾರಿಗೆ ಏನು ಬರ್ತದ, ಯಾರಿಗೆ ಬರಂಗಿಲ್ಲ, ಇದನ್ನ ನೋಡಿದ್ರ ನನಗ ತಿಳೀವಲ್ದು. ತಿಳೀದಿದ್ರ ಸಾಲಿ ಮುಂದುವರಸ್ರಿ ಅಂತ ನಾ ಹೆಂಗ ಬರೀಲಿ?”

“ಇನ್ನೊಂದು ಸಲ ಪರೀಕ್ಷಾ ಮಾಡ್ರಿ ಸರ. ಪ್ರಶ್ನಿ ನೀವಾ ತರ್ರಿ.”

“ತರ್ತೀನಿ. ನೀವು ಹಾಲಿನಾಗ ಇರಂಗಿಲ್ಲ.”

“ಆತ್ರಿ. ನಾ ಕಟ್ಟಿ ಮ್ಯಾಲ ಕುಂದರ್ತೀನಿ.”

ಮಾರ್ಚ್ ಮೊದಲ ವಾರ ಅಂತ ಆಯಿತು. ಸಾಹೇಬರು ಹೋದ ಮೇಲೆ ಹುಡುಗಿಯರೆಲ್ಲ ಮುತ್ತಿದರು. “ಸಾಲಿ ಮುಚ್ತಾರೇನ್ರೀ ಟೀಚರ್?”

“ಯಾರ ಮುಚ್ಚೋರು? ಕೀಲಿಕೈ ನನ್ನ ಹಂತ್ಯಾಕ ಅದ,” ಅಂದಳು ದಾನೇಶ್ವರಿ. “ಆದ್ರ ಇವತ್ತಿನಿಂದ ಪರೀಕ್ಷಾದಾಗ ಒಬ್ರ ಹತ್ರ ಒಬ್ರು ಹೋಗಂಗಿಲ್ಲ. ಪಾಠದಾಗ ಹೋಗ್ರಿ, ಪರೀಕ್ಷಾದಾಗ ಕುಂತ ಜಾಗದಾಗ ಕುಂಡ್ರಬೇಕು.”

ಹೂಂ ಅಂದರು. ಮುಂದಿನ ವಾರ ಅವಳೇ ಒಂದು ಪರೀಕ್ಷೆ ಮಾಡಿದಳು. ಯಾರೂ ಏಳಲಿಲ್ಲ. ದಾನೇಶ್ವರಿಗೆ ಸಮಾಧಾನವಾಯಿತು. ಪೇಪರು ತಿದ್ದುವಾಗ ಆ ಸಮಾಧಾನ ಹೋಯಿತು. ಮಂಜುಳಾಳಿಗೆ ಇಪ್ಪತ್ತಾರು ಬಂದಿತ್ತು, ಅದು ಸರಿ. ಆತಿಯಾಳಿಗೂ ಇಪ್ಪತ್ತೊಂಬತ್ತೇ! ಅರ್ಧಕ್ಕಿಂತ ಹೆಚ್ಚು ಪೇಪರು ಖಾಲಿ. ಬರೆದದ್ದೆಲ್ಲ ಸರಿ, ಬರೆದದ್ದೇ ಕಡಿಮೆ.

ಮರುದಿನ ಎಲ್ಲರ ಎದುರಿಗೇ ಕೇಳಿದಳು. “ಆತಿಯಾ, ಕೈಗೆ ಏನಾಗಿತ್ತಬೇ?”

ಆತಿಯಾ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಳು. “ಏನಿಲ್ರೀ ಟೀಚರ್.”

“ಏನಿಲ್ಲಂದ್ರ ಪೇಪರ್ ಯಾಕ ಖಾಲಿ ಅದ?”

“ಮಂಜಕ್ಕ ಮೂರನೇ ಲೆಕ್ಕದಾಗ ಇದ್ಳ್ರೀ. ನಾ ಮುಗಿಸಿ ಏನು ಮಾಡ್ಲಿ? ಮುಂದ ಹೋಗಿ ಬದುವಿನ ಮ್ಯಾಲ ಸುಮ್ನ ಕುಂದ್ರಾಕ ನನಗ ನಾಚಿಕಿ ಬರ್ತದ. ಅದಕ್ಕ ನಾನೂ ನಿಂತೆ.”

ದಾನೇಶ್ವರಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಅಂಕಗಳೆಲ್ಲ ಹೆಗಲಿಗೆ ಹೆಗಲು ನಿಂತದ್ದು ಹಿಂದಿನವರು ಮೇಲೆ ಬಂದದ್ದರಿಂದ ಮಾತ್ರ ಅಲ್ಲ, ಮುಂದಿನವರು ತಮ್ಮದನ್ನು ಅರ್ಧಕ್ಕೇ ಬಿಟ್ಟು ಎದ್ದು, ನಡಿಗೆ ತಗ್ಗಿಸಿದ್ದರಿಂದಲೂ ಹೌದು. ಏಳಬೇಡ ಅಂದರೆ ಏಳದೇ ಇದ್ದಾರು. ನಿಲ್ಲಬೇಡ ಅಂದರೆ ನಾಚಿಕೆಯನ್ನು ಎಲ್ಲಿಗೆ ಕಳಿಸುವುದು? ಅವಳು ಏನಾದರೂ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಮಂಜುಳಾ ಎದ್ದಳು. ಮುಖ ಕೆಂಪಾಗಿತ್ತು.

“ಏ ಆತಿಯಾ! ನನ್ನ ಸಲುವಾಗಿ ನಿಂತೀಯೇನ ನೀ? ನಾ ನಿನಗ ನಿಲ್ಲಂದಿದ್ದೆ?”

“ಮತ್ತ ಬಿಟ್ಟು ಹೋಗ್ಬೇಕೇನಕ್ಕಾ?”

“ಹತ್ತಿ ಬಿಡಿಸಾಕ ನೀ ಎಂದಾರ ಹೋಗೀಯೋ ಇಲ್ಲೋ?”

“ಹೋಗೀನಿ.”

“ಅಲ್ಲಿ ನನ್ನ ಚೀಲದಾಗ ನಿನ್ನ ಹತ್ತಿ ತುಂಬ್ತೀಯೇನ?”

ಮಂಜುಳಾ ಬಿಡಲಿಲ್ಲ. “ಹೇಳಬೇ! ಸಂಜಿಗೆ ಕಾಟಾ ಹಚ್ಚುವಾಗ ಯಾರ ಚೀಲ ಯಾರದು? ನಂದು ನಂದು, ನಿಂದು ನಿಂದು. ಅಲ್ಲಿ ನೀ ಮುಂದ ಹೋದ್ರ ನಾ ಅಳ್ತೀನೇನ? ಕಳಿ ತೆಗಿಯೋದು ಬ್ಯಾರೆ, ಹತ್ತಿ ಬಿಡಿಸೋದು ಬ್ಯಾರೆ. ಇಷ್ಟು ದಿನ ನನ್ನ ಸಾಲು ತೆಗದಿ, ಪುಣ್ಯೇ ಬರಲಿ ನಿನಗ. ಈ ಚೀಲ ನಂದು. ನಾನಾ ತುಂಬ್ತೀನಿ. ಮುಟ್ಟಬ್ಯಾಡ.”

ಕಳೆ ತೆಗೆಯುವವರಿಗೆ ದಿನಗೂಲಿ, ಅಲ್ಲಿ ಎಲ್ಲರೂ ಒಂದೇ. ಹತ್ತಿ ಬಿಡಿಸುವುದು ಕೆಜಿ ಲೆಕ್ಕ, ಒಬ್ಬೊಬ್ಬರ ಚೀಲ ಬೇರೆ ಬೇರೆ ತೂಗುತ್ತಾರೆ. ಇದು ಅಲ್ಲಿದ್ದ ಯಾವ ಹುಡುಗಿಗೂ ಗೊತ್ತಿಲ್ಲದ್ದೇನಲ್ಲ. ಪರೀಕ್ಷೆ ಈ ಎರಡರಲ್ಲಿ ಯಾವುದು ಅಂತ ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ. ಟೀಚರೂ ಕೇಳಿಕೊಂಡಿರಲಿಲ್ಲ.

ದಾನೇಶ್ವರಿ ಚಪ್ಪಾಳೆ ಹೊಡೆದೇಬಿಟ್ಟಳು. “ಕೇಳಿದ್ರೇನ್ರಬೇ? ಮಂಜುಳಾ ನಾ ಹೇಳೋದು ಹೇಳಿದ್ಳು. ಹೊತ್ತು ಮುಳುಗೂತನಾ ಕಳಿ ತೆಗೀರಿ, ಯಾರಿಗೂ ಬ್ಯಾಡನ್ನಂಗಿಲ್ಲ. ಉದಯಕುಮಾರ್ ಸರ ಬಂದ ದಿನ ಮಾತ್ರ ಹತ್ತಿ. ಯಾರ ಚೀಲ ಎಷ್ಟು ತೂಗ್ತದ ನೋಡೇಬಿಡೂಣು.”

ಉಳಿದ ದಿನಗಳಲ್ಲಿ ಗೋದಾಮಿನಲ್ಲಿ ಗದ್ದಲವೋ ಗದ್ದಲ. ಬೆಳಗ್ಗೆ ಕಳೆ, ಮಧ್ಯಾಹ್ನ ಹತ್ತಿ. ಆತಿಯಾ ಮಂಜುಳಾಳ ಪಕ್ಕ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದಳು. ಈಗ ಮಂಜುಳಾಳ ಪೆನ್ನಿಗೆ ಕೈ ಹಾಕಿದರೆ ಏಟು ಬೀಳುತ್ತಿತ್ತು. “ಬಾಯಿಲೆ ಹೇಳು, ಕೈ ಅಲ್ಲೇ ಇರ್ಲಿ,” ಅನ್ನುತ್ತಿದ್ದಳು ಮಂಜುಳಾ.

ಉದಯಕುಮಾರರು ಹೇಳಿದ ದಿನವೇ ಬಂದರು. ಬೆಂಚುಗಳನ್ನು ದೂರ ದೂರ ಹಾಕಿಸಿದರು, ಹಾಲಿನ ಬಾಗಿಲಲ್ಲಿ ತಾವೇ ನಿಂತರು. ದಾನೇಶ್ವರಿ ಮಾತು ಕೊಟ್ಟ ಹಾಗೆ ಬೇವಿನ ಕಟ್ಟೆಯ ಮೇಲೆ ಕೂತಳು. ದುರುಗಪ್ಪ ಕೇಳದೇ ಚಹಾ ತಂದಿಟ್ಟ. ಅದು ಆರಿತು.

ಇನ್ನೂ ಹೊತ್ತು ಇರುವಾಗಲೇ ಒಳಗೆ ಬೆಂಚು ಸರಿದ ಸದ್ದು. ದಾನೇಶ್ವರಿ ಕತ್ತು ಉದ್ದ ಮಾಡಿದಳು. ಆತಿಯಾ ಎದ್ದು ನಿಂತಿದ್ದಳು, ಕೈಯಲ್ಲಿ ಉತ್ತರಪತ್ರಿಕೆ. ಅವಳು ಬಾಗಿಲಿಗೆ ಬರಲು ಮಂಜುಳಾಳ ಬೆಂಚು ದಾಟಿಯೇ ಬರಬೇಕು. ಹಾಲಿನಲ್ಲಿದ್ದ ಹುಡುಗಿಯರೆಲ್ಲ ಬರೆಯುವುದು ಬಿಟ್ಟು ಅವಳನ್ನೇ ನೋಡಿದರು. ಮಂಜುಳಾಳ ಬಳಿ ಆತಿಯಾಳ ಕಾಲು ತಡೆಯಿತು. ಮಂಜುಳಾ ಎಡಗೈಯನ್ನು ಪೇಪರಿನ ಮೇಲೆ ಅಡ್ಡ ಇಟ್ಟಳು, ಹೊಲಕ್ಕೆ ಬೇಲಿ ಹಾಕಿದ ಹಾಗೆ. ತಲೆ ಎತ್ತಲಿಲ್ಲ. ಆತಿಯಾ ಮುಂದೆ ನಡೆದಳು. ಸಾಹೇಬರ ಕೈಗೆ ಪೇಪರು ಕೊಟ್ಟು, ಹೊರಗೆ ಬಂದು, ಕಟ್ಟೆಯ ಮೇಲೆ ಕುಸಿದಳು.

“ಟೀಚರ್ರೀ, ಆಕಿ ಐದನೇದ್ರಾಗ ಸಿಕ್ಕೊಂಡಾಳ. ನಾ ನೋಡಿದೆ. ಸೂತ್ರ ತಿರುವಿ ಬರದಾಳ.”

“ಸಿಕ್ಕೊಳ್ಳಲಿ ಬಿಡು.”

“ಒಂದೇ ಒಂದು ಮಾತು ಹೇಳಿದ್ರ ಸಾಕಿತ್ರೀ.”

“ಹೇಳಿದ್ಯಾ?”

“ಇಲ್ರೀ.” ಆತಿಯಾ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. “ಮೈ ಉರಿಯಾಕತ್ತದ್ರೀ ನನಗ.”

“ನನಗೂ ಅಷ್ಟಾ,” ಅಂದಳು ದಾನೇಶ್ವರಿ. “ಚಹಾ ಕುಡಿ.”

ಗಂಟೆ ಬಾರಿಸುವವರೆಗೂ ಮಂಜುಳಾ ಬರೆದಳು. ಸಾಹೇಬರು ಪೇಪರು ಎಳೆದುಕೊಳ್ಳಬೇಕಾಯಿತು. ಅಲ್ಲೇ ಸಣ್ಣ ಕೋಣೆಯಲ್ಲಿ ಕೂತು ಅವರೇ ತಿದ್ದಿದರು. ಹುಡುಗಿಯರು ಯಾರೂ ಬಸ್ಸಿಗೆ ಹೋಗಲಿಲ್ಲ. ಮಾನ್ವಿಯ ಬಸ್ಸು ಬಂತು, ಹೋಯಿತು. ದೇವದುರ್ಗದ ಬಸ್ಸು ಬಂತು. ಅದರ ಕಂಡಕ್ಟರ್ ಅಂಬರೇಶನೇ. ಕಿಟಕಿಯಿಂದ ತಲೆ ಹಾಕಿ “ಏನಾತೇ?” ಅಂತ ಕೂಗಿದ. “ಇನ್ನಾ ಕಾಟಾ ಹಚ್ಚಾಕತ್ತಾರ, ನೀ ನಡಿ!” ಅಂತ ಕಟ್ಟೆಯಿಂದಲೇ ಕೂಗಿದಳು ಹೆಂಡತಿ. ಅವನಿಗೆ ಅರ್ಥವಾಗಲಿಲ್ಲ, ಸೀಟಿ ಊದಿದ.

ಹೊತ್ತು ವಾಲಿದ ಮೇಲೆ ಉದಯಕುಮಾರರು ಹೊರಗೆ ಬಂದರು. ಎಂಬತ್ತಕ್ಕೆ ಆತಿಯಾಳಿಗೆ ಎಪ್ಪತ್ತೊಂದು. ಆಮೇಲೆ ಅರವತ್ತರವರು, ಐವತ್ತರವರು, ನಲವತ್ತರವರು. ಮಂಜುಳಾಳಿಗೆ ಮೂವತ್ತೊಂದು. ಪಾಸಿನ ಗೆರೆ ದಾಟಿದ್ದಳು. ಮೂವರು ದಾಟಿರಲಿಲ್ಲ.

“ಐದನೇ ಲೆಕ್ಕ ತಪ್ಪಾಗ್ಯದಲ್ರೀ ಸರ?” ಮಂಜುಳಾ ಮೊದಲು ಕೇಳಿದ್ದು ಅದನ್ನು.

“ತಪ್ಪಾಗ್ಯದವ್ವಾ. ಆರನೇದು ಸರಿ ಅದ.”

“ಆರನೇದು ಎಂದೂ ಬಂದಿಲ್ರೀ ನನಗ!” ಅಂದವಳೇ ಆತಿಯಾಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆತಿಯಾ ಅಳುತ್ತಿದ್ದಳೋ ನಗುತ್ತಿದ್ದಳೋ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದರಿಂದ ಕಾಣಲಿಲ್ಲ.

ಉದಯಕುಮಾರರು ದಾನೇಶ್ವರಿಯ ಕಡೆ ತಿರುಗಿದರು. “ಮೂರು ಮಂದಿ ಫೇಲ್ ಆಗ್ಯಾರಲ್ರೀ.”

“ಗೊತ್ತದ್ರೀ. ಇಬ್ಬರು ದೀಪಾವಳಿ ಆದ ಮ್ಯಾಲ ಪುಣೆಯಿಂದ ಬಂದೋರು, ಭಾಗಾಕಾರದಿಂದ ಶುರು ಮಾಡೀನಿ. ಇನ್ನೊಬ್ಬಾಕಿ ಕೂಸಿಗೆ ಜ್ವರ ಅಂತ ತಿಂಗಳು ಬಂದಿಲ್ಲ. ಬೋರ್ಡಿನ ಎರಡನೇ ಪರೀಕ್ಷಾಕ್ಕ ಮೂವರನ್ನೂ ಕುಂದರಸ್ತೀನಿ, ದಾಟಸ್ತೀನಿ.”

ಯಾವ ಕಾಗದವನ್ನೂ ನೋಡದೇ ಅಂದಳು. ಉದಯಕುಮಾರರು ಚೀಲದಿಂದ ಫೈಲು ತೆಗೆದು, ಬೇವಿನ ಕಟ್ಟೆಯ ಮೇಲೇ ಇಟ್ಟುಕೊಂಡು, ‘ಮುಂದುವರಿಸಬಹುದು’ ಅಂತ ಬರೆದು ಸಹಿ ಹಾಕಿದರು. ಹುಡುಗಿಯರ ಕೇಕೆಗೆ ಮರದ ಕಾಗೆಗಳೆಲ್ಲ ಎದ್ದವು. ದುರುಗಪ್ಪ ಅಂಗಡಿ ಬಿಟ್ಟು ಓಡಿ ಬಂದ.

“ಮುಂದಿನ ವರ್ಷಕ್ಕ ಇನ್ನೊಂದಿಷ್ಟು ಬೆಂಚು ಕಳಸ್ತೀನ್ರಿ ಮೇಡಂ,” ಅಂದರು ಸಾಹೇಬರು ಫೈಲು ಕಟ್ಟುತ್ತಾ.

“ಬೆಂಚು ಬ್ಯಾಡ್ರಿ ಸರ, ನೆಲದ ಮ್ಯಾಲ ಕುಂದರ್ತೀವಿ. ಗಣಿತಕ್ಕೊಬ್ಬ ಟೀಚರ್ ಕೊಡ್ರಿ.”

“ಅದು ನನ್ನ ಕೈಯಾಗಿಲ್ರೀ.”

“ನಿಮ್ಮ ಕೈಯಾಗ ಗಣಿತ ಅದಲ್ರೀ. ಶನಿವಾರ ಶನಿವಾರ ನೀವಾ ಬರ್ರಿ.”

ಉದಯಕುಮಾರರು ನಕ್ಕುಬಿಟ್ಟರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ರಾಯಚೂರಿನ ಬಸ್ಸು ಬಂದು ನಿಂತಿತು. ಅವರು ಹತ್ತುವವರೆಗೂ ದಾನೇಶ್ವರಿ ಪಕ್ಕದಲ್ಲೇ ನಡೆದು ಬಂದಳು, ಶನಿವಾರ ಬೆಳಗ್ಗೆ ಯಾವ ಬಸ್ಸು ಸರಿಹೋಗುತ್ತದೆ ಅಂತ ಹೇಳುತ್ತಾ.